ಕಮರಿಯ ದಾರಿಯಲ್ಲಿ ಸೈಕಲ್: ಫ್ರಾನ್ಸಿನ ವೆರ್ಕೋರ್ ಬೆಟ್ಟಗಳಿಂದ ಒಂದು ಪಾಠ



'ಕೆಲಸ, ಶಕ್ತಿ ಮತ್ತು ಸಾಮರ್ಥ್ಯ' ಅಧ್ಯಾಯ ಮುಗಿಯುವ ಹೊತ್ತಿಗೆ ತರಗತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸರ್, ಈ ಲೆಕ್ಕ ಪರೀಕ್ಷೆ ಬಿಟ್ಟರೆ ಇನ್ನೆಲ್ಲಿ ಉಪಯೋಗಕ್ಕೆ ಬರುತ್ತದೆ?" ಉತ್ತರವಾಗಿ ಒಂದು ರಸ್ತೆಯನ್ನೂ ಒಂದು ಸೈಕಲ್ಲನ್ನೂ ತೆಗೆದುಕೊಳ್ಳೋಣ. ರಸ್ತೆ ಫ್ರಾನ್ಸ್ ದೇಶದ್ದು. ಸೈಕಲ್ ಯಾರದ್ದಾದರೂ ಆಗಬಹುದು, ನಿಯಮ ಎಲ್ಲರಿಗೂ ಒಂದೇ.

1. ಸ್ಥಳ ಪರಿಚಯ

ಫ್ರಾನ್ಸಿನ ಆಗ್ನೇಯ ಭಾಗದಲ್ಲಿ, ಗ್ರೆನೋಬ್ಲ್ ನಗರದ ನೈರುತ್ಯಕ್ಕೆ ವೆರ್ಕೋರ್ ಎಂಬ ಬೆಟ್ಟಪ್ರದೇಶವಿದೆ. ಇದರ ಅತಿ ಎತ್ತರದ ಶಿಖರ ಗ್ರಾಂ ವೇಮೋಂ, 2341 ಮೀಟರ್. ಆದರೆ ಊರುಗಳು, ಹುಲ್ಲುಗಾವಲುಗಳು, ರಸ್ತೆಗಳು ಹೆಚ್ಚಾಗಿ ಇರುವುದು ಅದಕ್ಕಿಂತ ಬಹಳ ಕೆಳಗೆ, ಸಾವಿರ ಮೀಟರಿನ ಆಸುಪಾಸಿನಲ್ಲಿ. ಬಯಲೂ ಅಲ್ಲದ, ವರ್ಷವಿಡೀ ಹಿಮ ಹೊದ್ದ ಶಿಖರವೂ ಅಲ್ಲದ ಇಂಥ ಪ್ರದೇಶವನ್ನು ಫ್ರೆಂಚರು 'ನಡುಬೆಟ್ಟ' ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಮೇಲೆ ಹಸುಗಳು ಮೇಯುತ್ತವೆ, ಗಿಣ್ಣು ತಯಾರಾಗುತ್ತದೆ. ಕೆಳಗಿನ ಇಜೇರ್ ನದಿಯ ಕಣಿವೆಯಲ್ಲಿ ಅಕ್ರೋಟಿನ ತೋಟಗಳಿವೆ. 1970ರಲ್ಲಿ ಇಲ್ಲಿ ಪ್ರಾದೇಶಿಕ ನಿಸರ್ಗ ಉದ್ಯಾನ ಸ್ಥಾಪನೆಯಾಯಿತು. ರಸ್ತೆ ಸೈಕಲ್ ಸವಾರರಿಗೆ ಇದು ಅಚ್ಚುಮೆಚ್ಚಿನ ಸೀಮೆ. ಕಾರಣ, ಇಲ್ಲಿನ ಕಮರಿಗಳು.

2. ಕಮರಿ ಹೇಗೆ ಆಯಿತು?

ವೆರ್ಕೋರ್ ಬಹುಪಾಲು ಸುಣ್ಣಕಲ್ಲಿನ ನಾಡು. ಬಹಳ ಹಿಂದೆ ಇಲ್ಲಿದ್ದ ಸಮುದ್ರದ ತಳದಲ್ಲಿ ಚಿಪ್ಪುಜೀವಿಗಳ ಅವಶೇಷಗಳು ಪದರ ಪದರವಾಗಿ ಕೂಡಿ ಕಲ್ಲಾದವು. ಆಲ್ಪ್ಸ್ ಪರ್ವತಗಳು ಏಳುವಾಗ ಆ ಕಲ್ಲೂ ಮೇಲೆದ್ದಿತು. ಮಳೆನೀರು ಗಾಳಿಯಿಂದ ಮತ್ತು ಮಣ್ಣಿನಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ ದುರ್ಬಲ ಕಾರ್ಬಾನಿಕ್ ಆಮ್ಲವಾಗುತ್ತದೆ. ಅದು ಸುಣ್ಣಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟ್ ಜೊತೆ ವರ್ತಿಸಿದಾಗ ನೀರಿನಲ್ಲಿ ಕರಗುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಉಂಟಾಗುತ್ತದೆ. ಕಲ್ಲು ನೀರಿನೊಂದಿಗೆ ಹೊರಟುಹೋಗುತ್ತದೆ.

ಇದರ ಫಲ ಎರಡು. ಮೊದಲನೆಯದು, ಮೇಲಿನ ಪ್ರಸ್ಥಭೂಮಿಯಲ್ಲಿ ಮಳೆ ಬಿದ್ದರೂ ನೀರು ನಿಲ್ಲುವುದಿಲ್ಲ. ಬಿರುಕುಗಳಲ್ಲಿ ಇಳಿದು ಒಳಗೆ ಗುಹೆಗಳನ್ನು ಕೊರೆಯುತ್ತದೆ. ಇಲ್ಲಿನ ಬೆರ್ಜೆ ಎಂಬ ಗುಹೆಯಲ್ಲಿ 1956ರಲ್ಲಿ ಅನ್ವೇಷಕರು ಸಾವಿರ ಮೀಟರಿಗಿಂತ ಆಳಕ್ಕೆ ಇಳಿದರು. ಅಷ್ಟು ಆಳಕ್ಕೆ ಇಳಿದದ್ದು ಜಗತ್ತಿನಲ್ಲೇ ಮೊದಲು. ಎರಡನೆಯದು, ಹೊರಗೆ ಹರಿಯುವ ನದಿಗಳು ಏಳುತ್ತಿದ್ದ ನೆಲವನ್ನು ಕೆಳಮುಖವಾಗಿ ಕೊರೆದವು. ಸುಣ್ಣಕಲ್ಲು ಗಟ್ಟಿ. ಆದ್ದರಿಂದ ದಡಗಳು ಕುಸಿದು ಅಗಲವಾಗದೆ ಗೋಡೆಯಂತೆ ನಿಂತವು. ಬೂರ್ನ್ ನದಿಯ ಕಮರಿ ಹೀಗೆ ಆದದ್ದು. ಫ್ರಾನ್ಸಿನ ಬೇರೆ ಪ್ರಸಿದ್ಧ ಕಮರಿಗಳಾದ ವೆರ್ದೋಂ, ತಾರ್ನ್, ಆರ್ದೆಶ್ ಕೂಡ ಸುಣ್ಣಕಲ್ಲಿನವೇ. ವೆರ್ದೋಂ ಕಮರಿಯ ಆಳ ಕೆಲವೆಡೆ ಸುಮಾರು 700 ಮೀಟರ್.

3. ರಸ್ತೆ ಹೇಗೆ ಬಂತು?

ಹತ್ತೊಂಬತ್ತನೆಯ ಶತಮಾನದವರೆಗೆ ಈ ಊರುಗಳಿಗೆ ಹೇಸರಗತ್ತೆಯ ಹಾದಿಯೇ ಗತಿ. ಕಾಡಿನ ಮರವನ್ನು ಕೆಳಗೆ ಸಾಗಿಸಲು ಗಾಡಿರಸ್ತೆ ಬೇಕಾಯಿತು. ಕಾರ್ಮಿಕರು ಬಂಡೆಗೆ ಕುಳಿ ಹೊಡೆದು, ಮದ್ದು ತುಂಬಿ ಸಿಡಿಸಿ, ಕಡಿದಾದ ಗೋಡೆಯಲ್ಲೇ ದಾರಿ ಕೆತ್ತಿದರು. ಕೋಂಬ್ ಲಾವಾಲ್ ಎಂಬಲ್ಲಿನ ರಸ್ತೆ 1898ರಲ್ಲಿ ಪೂರ್ಣವಾಯಿತು. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ನೂರಾರು ಮೀಟರ್ ಪ್ರಪಾತ, ನಡುನಡುವೆ ಬಂಡೆಯೊಳಗೇ ಕೊರೆದ ಗಿಡ್ಡ ಸುರಂಗಗಳು. ಇಂದು ಸೈಕಲ್ ಸವಾರರು ಫೋಟೊ ತೆಗೆಯಲು ನಿಲ್ಲುವ ಜಾಗ ಒಂದು ಕಾಲದಲ್ಲಿ ಕೂಲಿಯವರು ಪ್ರಾಣ ಒತ್ತೆಯಿಟ್ಟು ದುಡಿದ ಜಾಗ.

ಈ ರಸ್ತೆಗಳ ಶತ್ರು ಕೂಡ ನೀರೇ. ಬಿರುಕಿನಲ್ಲಿ ಸೇರಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹೆಚ್ಚುತ್ತದೆ, ಬಂಡೆ ಸೀಳುತ್ತದೆ. ಗ್ರಾಂ ಗೂಲೆ ಎಂಬ ಕಮರಿಯ ಹಳೆಯ ರಸ್ತೆಯನ್ನು ಬಂಡೆ ಬೀಳುವ ಅಪಾಯದಿಂದಾಗಿ ಮುಚ್ಚಬೇಕಾಯಿತು. 2008ರಲ್ಲಿ ಅದರ ಬದಲಿಗೆ ಸುರಂಗ ತೆರೆಯಿತು. ಆದ್ದರಿಂದ ಅಲ್ಲಿ ಸವಾರಿ ಹೊರಡುವವರು ಯಾವ ರಸ್ತೆ ತೆರೆದಿದೆ ಎಂದು ಮೊದಲು ವಿಚಾರಿಸಿಕೊಳ್ಳುತ್ತಾರೆ.

ಇತಿಹಾಸದ ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ಮಾತಿದೆ. ಎರಡನೆಯ ಮಹಾಯುದ್ಧದಲ್ಲಿ ನಾಜಿ ಆಕ್ರಮಣವನ್ನು ವಿರೋಧಿಸಿದ ಫ್ರೆಂಚ್ ಹೋರಾಟಗಾರರು ವೆರ್ಕೋರನ್ನು ಕೋಟೆಯಾಗಿ ಮಾಡಿಕೊಂಡರು. ಕಮರಿಗಳ ಇಕ್ಕಟ್ಟಾದ ಬಾಯಿಗಳೇ ಕೋಟೆಬಾಗಿಲು. ಆದರೆ 1944ರ ಜುಲೈ 21ರಂದು ಜರ್ಮನ್ ಸೈನಿಕರು ಗ್ಲೈಡರುಗಳಲ್ಲಿ ಬಂದು ವಾಸ್ಯೂ ಗ್ರಾಮದ ಬಳಿ ಇಳಿದರು. ನೆಲದಿಂದ ಮುಚ್ಚಿದ್ದ ಕೋಟೆ ಆಕಾಶದಿಂದ ತೆರೆದಿತ್ತು. ಗ್ರಾಮ ನಾಶವಾಯಿತು, ಹೋರಾಟಗಾರರ ಜೊತೆ ಊರಿನ ಜನರೂ ಸತ್ತರು. ಇಂದು ಆ ದಾರಿಯಲ್ಲಿ ಹೋಗುವ ಸವಾರರಿಗೆ ಅವರ ಸಮಾಧಿಗಳು ಕಾಣಸಿಗುತ್ತವೆ.

4. ಏರಿನ ಲೆಕ್ಕ

ಈಗ ಸೈಕಲ್ ಹತ್ತೋಣ. ದ್ರೋಮ್ ನದಿಯ ಕಣಿವೆಯಲ್ಲಿರುವ ದೀ ಪಟ್ಟಣ ಸುಮಾರು 410 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಸುಮಾರು 20 ಕಿ.ಮೀ. ದೂರದ ರೂಸೆ ಘಟ್ಟದ ತಲೆ ಸುಮಾರು 1250 ಮೀಟರ್. ಅಂದರೆ ಏರು 840 ಮೀಟರ್, ಸರಾಸರಿ ಶೇ. 4.2. ಸವಾರ ಮತ್ತು ಸೈಕಲ್ ಸೇರಿ 80 ಕಿ.ಗ್ರಾಂ. ಎಂದುಕೊಳ್ಳಿ.

ಗುರುತ್ವದ ವಿರುದ್ಧ ಮಾಡುವ ಕೆಲಸ = ದ್ರವ್ಯರಾಶಿ × ಗುರುತ್ವ ವೇಗೋತ್ಕರ್ಷ × ಎತ್ತರ = 80 × 9.8 × 840 = 6,58,560 ಜೂಲ್.

ಒಂದೂವರೆ ಗಂಟೆಯಲ್ಲಿ, ಅಂದರೆ 5400 ಸೆಕೆಂಡಿನಲ್ಲಿ ಏರಿದರೆ ಸಾಮರ್ಥ್ಯ ಸುಮಾರು 122 ವ್ಯಾಟ್. ಟೈರಿನ ಘರ್ಷಣೆ, ಗಾಳಿಯ ತಡೆ ಸೇರಿಸಿದರೆ ಸುಮಾರು 150 ವ್ಯಾಟ್ ಎನ್ನಬಹುದು. ಏರಿನಲ್ಲಿ ವೇಗ ಕಡಿಮೆ, ಆದ್ದರಿಂದ ಗಾಳಿಯ ಪಾಲು ಚಿಕ್ಕದು. ಇಲ್ಲಿ ಎದುರಾಳಿ ಗುರುತ್ವವೇ.

ನಮ್ಮ ದೇಹ ಆಹಾರದ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕನೆಯ ಒಂದು ಭಾಗವನ್ನು ಪೆಡಲಿಗೆ ಕೊಡುತ್ತದೆ. ಉಳಿದದ್ದು ಶಾಖವಾಗಿ, ಬೆವರಾಗಿ ಹೋಗುತ್ತದೆ. ಹಾಗಾಗಿ ಈ ಒಂದು ಏರಿಗೇ ಸುಮಾರು 775 ಕಿಲೋಕ್ಯಾಲೊರಿ ಬೇಕು. ಸೇಂತ್ ಏತಿಯೆನ್ ನಗರದ ಪೌಲ್ ದ ವಿವಿ (1853–1930) ಎಂಬ ಹಿರಿಯ ಸವಾರರು ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು ಎಂದು ಹೇಳುತ್ತಿದ್ದುದು ಇದಕ್ಕೇ.

5. ಗೇರು ಏನು ಮಾಡುತ್ತದೆ?

ಗೇರು ಶಕ್ತಿಯನ್ನು ಉಳಿಸುವುದಿಲ್ಲ. 6,58,560 ಜೂಲಿನಲ್ಲಿ ಒಂದು ಜೂಲ್ ಕೂಡ ಕಡಿಮೆಯಾಗದು. ಅದು ಬಲವನ್ನು ಕಡಿಮೆ ಮಾಡಿ ದೂರವನ್ನು ಹೆಚ್ಚಿಸುತ್ತದೆ, ಅಷ್ಟೆ. ಶೇ. 10ರ ಏರಿನಲ್ಲಿ ನಮ್ಮ 80 ಕಿ.ಗ್ರಾಂ. ಸವಾರನನ್ನು ತಳ್ಳಲು ಟೈರಿನ ಘರ್ಷಣೆಯೂ ಸೇರಿ ಸುಮಾರು 82 ನ್ಯೂಟನ್ ಬಲ ಬೇಕು. ಮುಂದಿನ ಚೈನ್‌ವೀಲಿಗೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇರುವ ಗೇರಿಲ್ಲದ ಸೈಕಲ್ಲಾದರೆ ಪೆಡಲಿನ ಮೇಲೆ ಸರಾಸರಿ ಸುಮಾರು 395 ನ್ಯೂಟನ್ ಒತ್ತಬೇಕು. ಅದು 40 ಕಿ.ಗ್ರಾಂ. ತೂಕಕ್ಕೆ ಸಮ. ಮುಂದೆ 34, ಹಿಂದೆ 34 ಹಲ್ಲಿನ ಗೇರಾದರೆ ಸುಮಾರು 160 ನ್ಯೂಟನ್ ಸಾಕು. ಬದಲಿಗೆ ಪೆಡಲನ್ನು ಸುಮಾರು ಎರಡೂವರೆ ಪಟ್ಟು ಹೆಚ್ಚು ಸಲ ತಿರುಗಿಸಬೇಕು. ಯಂತ್ರ ಯಾವುದನ್ನೂ ಬಿಟ್ಟಿ ಕೊಡುವುದಿಲ್ಲ.

ಫ್ರಾನ್ಸ್ ಪ್ರವಾಸ ಎಂಬ ಪ್ರಸಿದ್ಧ ಸೈಕಲ್ ಸ್ಪರ್ಧೆ, ಅಂದರೆ ತೂರ್ ದ ಫ್ರಾನ್ಸ್, 1903ರಲ್ಲಿ ಆರಂಭವಾದರೂ ಅಲ್ಲಿ ಚೈನು ಬದಲಿಸುವ ಗೇರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅದಕ್ಕೆ ಮೊದಲು ಸವಾರರು ಏರಿನ ಬುಡದಲ್ಲಿ ಇಳಿದು ಹಿಂದಿನ ಚಕ್ರವನ್ನು ಬಿಚ್ಚಿ, ತಿರುಗಿಸಿ ಕೂರಿಸಿಕೊಳ್ಳುತ್ತಿದ್ದರು. ಒಂದು ಬದಿಗೆ ಒಂದು ಹಲ್ಲುಚಕ್ರ, ಇನ್ನೊಂದು ಬದಿಗೆ ದೊಡ್ಡದೊಂದು.

6. ತಲೆಯಲ್ಲಿ ಒಂದು ಕ್ಷಣ

ರೂಸೆ ಘಟ್ಟದ ತಲೆಯಲ್ಲಿ ಒಂದು ಸುರಂಗವಿದೆ. ದಕ್ಷಿಣದ ಬಾಯಿಯಲ್ಲಿ ಒಣ ನೆಲ, ಕುರುಚಲು ಗಿಡ, ಮೆಡಿಟರೇನಿಯನ್ ಬಿಸಿಲು. ಉತ್ತರದ ಬಾಯಿಯಲ್ಲಿ ಹಸಿರು ಕಾಡು, ತಂಪು ಗಾಳಿ. ಎರಡು ಹವಾಗುಣಗಳ ಗಡಿ ಇದೇ ಬೆಟ್ಟ. ಎತ್ತರಕ್ಕೆ ಹೋದಂತೆ ಪ್ರತಿ ಸಾವಿರ ಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇಳಿಯುತ್ತದೆ. ಬೆವರಿನಿಂದ ಒದ್ದೆಯಾದ ಸವಾರ ಇಲ್ಲಿ ಗಾಳಿ ತಡೆಯುವ ಅಂಗಿ ಹಾಕಿಕೊಳ್ಳದೆ ಇಳಿದರೆ ಬೆರಳು ಮರಗಟ್ಟಿ ಬ್ರೇಕು ಹಿಡಿಯುವುದೇ ಕಷ್ಟವಾಗುತ್ತದೆ.

7. ಇಳಿಜಾರಿನ ಲೆಕ್ಕ

ಏರಿನಲ್ಲಿ ತಪ್ಪು ಮಾಡಿದರೆ ಸುಸ್ತಾಗುತ್ತದೆ. ಇಳಿಜಾರಿನಲ್ಲಿ ತಪ್ಪು ಮಾಡಿದರೆ ಜೀವ ಹೋಗಬಹುದು. ಆದ್ದರಿಂದ ಈ ಭಾಗವನ್ನು ನಿಧಾನವಾಗಿ ಓದಿ.

ಕೂಡಿಟ್ಟ ಪ್ರಚ್ಛನ್ನ ಶಕ್ತಿಯೆಲ್ಲ ಈಗ ಹೊರಬರಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ನಮ್ಮ ಸವಾರನ ಚಲನ ಶಕ್ತಿ ಸುಮಾರು 1930 ಜೂಲ್. 50 ಕಿ.ಮೀ. ವೇಗದಲ್ಲಿ ಸುಮಾರು 7720 ಜೂಲ್. ವೇಗ ಎರಡು ಪಟ್ಟು, ಶಕ್ತಿ ನಾಲ್ಕು ಪಟ್ಟು. ಬ್ರೇಕು ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 4 ಮೀಟರಿನಂತೆ ವೇಗ ತಗ್ಗಿಸಿದರೆ ನಿಲ್ಲಲು ಮೊದಲನೆಯದಕ್ಕೆ 6 ಮೀಟರ್, ಎರಡನೆಯದಕ್ಕೆ 24 ಮೀಟರ್ ಬೇಕು. ಅಪಾಯ ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿದರೆ ಇನ್ನೂ 7 ಮತ್ತು 14 ಮೀಟರ್ ಸೇರಿಸಿ: ಒಟ್ಟು 13 ಮತ್ತು 38. ಕಮರಿಯ ತಿರುವಿನಲ್ಲಿ ಬಂಡೆಯ ಮೂಲೆ ದಾಟುವವರೆಗೆ 38 ಮೀಟರ್ ಮುಂದೆ ಕಾಣುವುದೇ ಇಲ್ಲ. ಕಾಣುವಷ್ಟು ದೂರದಲ್ಲಿ ನಿಲ್ಲಲಾಗುವ ವೇಗವೇ ಸರಿಯಾದ ವೇಗ. ಮಳೆ ಬಂದಿದ್ದರೆ ಅದೂ ಹೆಚ್ಚು.

ಬ್ರೇಕನ್ನು ಇಡೀ ಇಳಿಜಾರಿನಲ್ಲಿ ಒತ್ತಿಕೊಂಡೇ ಬಂದರೆ ಆ ಶಕ್ತಿಯೆಲ್ಲ ರಿಮ್ಮಿಗೆ ಶಾಖವಾಗಿ ಸೇರಿ ಟ್ಯೂಬು ಸಿಡಿಯಬಹುದು. ಅನುಭವಿಗಳು ತಿರುವಿಗೆ ಮೊದಲು ನೇರ ಭಾಗದಲ್ಲೇ ಬಲವಾಗಿ ಒತ್ತಿ, ಬಿಟ್ಟು, ರಿಮ್ಮು ಆರಲು ಸಮಯ ಕೊಡುತ್ತಾರೆ. ಸುರಂಗಗಳಿಗೆ ಮುಂದೆ ಹಿಂದೆ ದೀಪ ಹಾಕುತ್ತಾರೆ. ಫ್ರಾನ್ಸಿನ ಕಾನೂನಿನಂತೆ ಊರ ಹೊರಗೆ ಸೈಕಲ್ಲನ್ನು ಹಿಂದಿಕ್ಕುವ ವಾಹನ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕು. ಕಾನೂನು ಒಂದು ಬದಿಯ ರಕ್ಷಣೆ. ಇನ್ನೊಂದು ಬದಿಯ ರಕ್ಷಣೆ ಸವಾರನ ಬೆರಳುಗಳಲ್ಲಿದೆ.

ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ನಮ್ಮ ಉತ್ತರ ಇಷ್ಟು: ಈ ಲೆಕ್ಕ ನೀವು ಸೈಕಲ್ ಹತ್ತಿದ ಕೂಡಲೇ ಉಪಯೋಗಕ್ಕೆ ಬರುತ್ತದೆ. ಕಾಲೇಜಿನಿಂದ ಮನೆಗೆ ಹೋಗುವ ದಾರಿಯ ಇಳಿಜಾರಿಗೂ ಅದೇ ಸೂತ್ರ. ಇಂದು ಸಂಜೆ ಹೊರಡುವ ಮೊದಲು ಎರಡೂ ಬ್ರೇಕು ಒತ್ತಿ ನೋಡಿ.

ಅಭ್ಯಾಸ

1. ಮೇಲಿನ ಸವಾರ ಅದೇ ಏರನ್ನು ಎರಡು ಗಂಟೆಯಲ್ಲಿ ಏರಿದರೆ ಗುರುತ್ವದ ವಿರುದ್ಧ ಬೇಕಾದ ಸಾಮರ್ಥ್ಯ ಎಷ್ಟು? ಕೆಲಸ ಬದಲಾಗುತ್ತದೆಯೇ?
2. ಗಂಟೆಗೆ 36 ಕಿ.ಮೀ. ವೇಗದಲ್ಲಿ ಒಟ್ಟು ನಿಲುಗಡೆ ದೂರ ಕಂಡುಹಿಡಿಯಿರಿ.
3. ಮಳೆ ಚೆನ್ನಾಗಿ ಬೀಳುವ ಪ್ರಸ್ಥಭೂಮಿಯಲ್ಲಿ ಹೊಳೆಗಳು ಕಡಿಮೆ ಇರಲು ಕಾರಣವೇನು?
4. ನಿಮ್ಮ ಸೈಕಲ್ಲಿನ ಎರಡು ಹಲ್ಲುಚಕ್ರಗಳ ಹಲ್ಲುಗಳನ್ನು ಎಣಿಸಿ, ಪೆಡಲು ಒಂದು ಸುತ್ತು ತಿರುಗಿದಾಗ ಎಷ್ಟು ಮೀಟರ್ ಹೋಗುತ್ತೀರಿ ಎಂದು ಲೆಕ್ಕ ಹಾಕಿ. ನಂತರ ಅಂಗಳದಲ್ಲಿ ಅಳೆದು ಸರಿನೋಡಿ.