ಗ್ರಾಮಗಳಲ್ಲಿ ಅಗ್ನಿಬಾಧೆ: ಅದರ ನಿವಾರಣೆಯೂ ನೊಂದ ಕುಟುಂಬಗಳ ಪೋಷಣೆಯೂ

ಸುಗ್ಗಿಯು ಮುಗಿದು ಕಣವು ಬರಿದಾದ ಮೇಲೆ ಮುಂಗಾರು ಮಳೆ ಬೀಳುವವರೆಗಿನ ತಿಂಗಳುಗಳು ರೈತನಿಗೆ ಕೊಂಚ ವಿಶ್ರಾಂತಿಯ ಕಾಲವೆಂಬುದು ದಿಟ. ಆದರೆ ಬೆಂಕಿಯ ಭಯಕ್ಕೂ ಅದೇ ಕಾಲವು. ವರ್ಷದ ಮೇವೆಲ್ಲವೂ ಬಣವೆಯಲ್ಲಿಯೂ, ಉಣ್ಣುವ ಕಾಳೂ ಬಿತ್ತನೆಯ ಬೀಜವೂ ಮನೆಯಲ್ಲಿಯೂ ಇರುತ್ತವೆ. ಗಾಳಿಯು ಒಣಗಿ ಬೀಸುತ್ತದೆ. ಕೆರೆಬಾವಿಗಳಲ್ಲಿ ನೀರು ತಗ್ಗಿರುತ್ತದೆ. ಇಂತಹ ದಿನದಲ್ಲಿ ಬಿದ್ದ ಒಂದು ಕಿಡಿಯು ಹಿಂದಿನ ವರ್ಷದ ದುಡಿಮೆಯನ್ನೂ ಮುಂದಿನ ವರ್ಷದ ಸಾಗುವಳಿಯನ್ನೂ ಒಟ್ಟಿಗೆ ಸುಟ್ಟುಬಿಡುತ್ತದೆ. ಆದುದರಿಂದ ಈ ವಿಷಯವು ಆಯಾ ಮನೆಯ ಯಜಮಾನನಿಗೆ ಮಾತ್ರವಲ್ಲದೆ ಗ್ರಾಮದ ಮುಖಂಡರಿಗೂ ಸಂಬಂಧಪಟ್ಟುದಾಗಿದೆ.

ಬೆಂಕಿಯ ಕಾರಣಗಳು

ಉರಿಯುವ ವಸ್ತು, ಗಾಳಿ, ಶಾಖ ಈ ಮೂರೂ ಒಂದೆಡೆ ಸೇರಿದಲ್ಲದೆ ಬೆಂಕಿ ಹುಟ್ಟದು. ಮೂರರಲ್ಲಿ ಒಂದನ್ನು ತೆಗೆದರೆ ಅದು ನಿಲ್ಲದು. ನಿವಾರಣೋಪಾಯಗಳೆಲ್ಲವೂ ಈ ಒಂದು ತತ್ತ್ವದ ಮೇಲೆಯೇ ನಿಂತಿವೆ.

ಹಳ್ಳಿಗಳಲ್ಲಿ ಮೊದಲು ಗಮನಿಸತಕ್ಕದ್ದು ಒಲೆಯ ಬೂದಿ. ಮೇಲೆ ತಣ್ಣಗೆ ಕಾಣುವ ಬೂದಿಯ ಒಡಲಿನಲ್ಲಿ ಕೆಂಡವು ಬಹಳ ಹೊತ್ತು ಜೀವಂತವಾಗಿರುತ್ತದೆ. ಬೆಳಗ್ಗೆ ತಿಪ್ಪೆಗೆ ಎಸೆದ ಬೂದಿಯು ಮಧ್ಯಾಹ್ನದ ಗಾಳಿಗೆ ಕೆದರಿ, ಪಕ್ಕದ ಬಣವೆಗೆ ಕಿಡಿಯನ್ನು ಒಯ್ಯುತ್ತದೆ. ಸೇದಿ ಎಸೆದ ಬೀಡಿಯ ತುಂಡು, ದೇವರ ಮುಂದೆ ಉರಿಯಬಿಟ್ಟು ಬಾಗಿಲು ಹಾಕಿಕೊಂಡು ಹೋದ ದೀಪ, ಸೊಳ್ಳೆಯ ಹೊಗೆಗಾಗಿ ಕೊಟ್ಟಿಗೆಯಲ್ಲಿ ಹಾಕಿದ ಬೆಂಕಿ, ಹೊಲದಲ್ಲಿ ಕಬ್ಬಿನ ರವದಿಗೆ ಹಚ್ಚಿದ ಬೆಂಕಿ ಇವೂ ಇದೇ ವರ್ಗಕ್ಕೆ ಸೇರಿದವು.

ಎರಡನೆಯದು ವಿದ್ಯುತ್ತು. ಜೋತುಬಿದ್ದ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರಿಸುತ್ತವೆ. ಮನೆಯೊಳಗೆ ಸವೆದ ತಂತಿಗಳೂ, ಒಂದೇ ಪ್ಲಗ್ಗಿಗೆ ಅನೇಕ ಯಂತ್ರಗಳನ್ನು ಸೇರಿಸುವ ಅಭ್ಯಾಸವೂ ಅಪಾಯಕರ.

ಮೂರನೆಯದು ಅಡಿಗೆಯ ಅನಿಲ. ಇದು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ಮೇಲೇರದೆ ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ. ಸೋರಿಕೆಯು ತಿಳಿಯಲೆಂದೇ ಅದಕ್ಕೆ ದುರ್ಗಂಧವನ್ನು ಬೆರೆಸಿರುತ್ತಾರೆ.

ನಾಲ್ಕನೆಯದನ್ನು ಅನೇಕ ರೈತರು ನಂಬುವುದಿಲ್ಲ. ಹಸಿಯಾದ ಹುಲ್ಲು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಸರಿಯಾಗಿ ಒಣಗದ ಮೇವನ್ನು ಒತ್ತಾಗಿ ಒಟ್ಟಿದರೆ ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಒಳಗೆ ಕಾವು ಏರುತ್ತದೆ. ಆ ಕಾವು 70 ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೆ ಅಪಾಯವು ಸಮೀಪಿಸಿತೆಂದು ತಿಳಿಯತಕ್ಕುದು. ಬಣವೆಯೊಳಕ್ಕೆ ಕಬ್ಬಿಣದ ಸಲಾಕೆಯನ್ನು ಚುಚ್ಚಿ, ಸ್ವಲ್ಪ ಹೊತ್ತಿನ ಮೇಲೆ ಹೊರತೆಗೆದು, ಜಾಗರೂಕತೆಯಿಂದ ಮುಟ್ಟಿ ನೋಡಿದರೆ ಒಳಗಿನ ಸ್ಥಿತಿಯು ಗೊತ್ತಾಗುತ್ತದೆ.

ಮುನ್ನೆಚ್ಚರಿಕೆಗಳು

ಬಣವೆಯನ್ನು ಮನೆಕೊಟ್ಟಿಗೆಗಳಿಂದ 60 ಅಡಿಗಳಿಗೆ ಕಡಿಮೆಯಿಲ್ಲದಂತೆ, ವಿದ್ಯುತ್ ತಂತಿಯ ಕೆಳಗಲ್ಲದ ಸ್ಥಳದಲ್ಲಿ ಒಟ್ಟಬೇಕು. ಇದ್ದ ಮೇವನ್ನೆಲ್ಲ ಒಂದೇ ಬಣವೆ ಮಾಡುವುದಕ್ಕಿಂತ ದೂರದೂರದಲ್ಲಿ ಎರಡು ಮಾಡುವುದು ಜಾಣತನ. ಒಂದು ಹೋದರೂ ಮತ್ತೊಂದು ಉಳಿದೀತು. ಸುತ್ತಲಿನ ಕಸಕಡ್ಡಿಯನ್ನು ಕೆತ್ತಿ ನೆಲವನ್ನು ಬಯಲು ಮಾಡತಕ್ಕದ್ದು. ಬೂದಿಗೆ ನೀರು ಚಿಮುಕಿಸಿ ಗುಂಡಿಗೆ ಹಾಕಬೇಕು. ಸೋಗೆ ಅಥವಾ ಹುಲ್ಲು ಹೊದಿಸಿದ ಮನೆಗಳಲ್ಲಿ ಒಲೆಯ ಮೇಲ್ಭಾಗದ ಮಾಡಿನ ಒಳಮೈಗೆ ಮಣ್ಣು ಮೆತ್ತಿದರೆ ಕಿಡಿಯು ಹಿಡಿಯುವುದು ಕಷ್ಟವಾಗುತ್ತದೆ. ರಾತ್ರಿ ಮಲಗುವ ಮುನ್ನ ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚುವುದು ಮನೆಯ ನಿಯಮವಾಗಬೇಕು. ದನಗಳ ಹಗ್ಗವನ್ನು ಕೊಯ್ಯಲು ಒಂದು ಕುಡುಗೋಲು ಕೊಟ್ಟಿಗೆಯ ಬಾಗಿಲಲ್ಲಿಯೇ ನೇತಾಡುತ್ತಿರಲಿ.

ಗ್ರಾಮದ ಮುಖಂಡರು ಬೇಸಿಗೆಯ ಮೊದಲಲ್ಲಿ ಒಂದು ದಿನ ಊರನ್ನು ಸುತ್ತಿ ಜೋತುಬಿದ್ದ ತಂತಿಗಳನ್ನು ವಿದ್ಯುತ್ ಕಚೇರಿಗೆ ಬರೆದು ತಿಳಿಸುವುದೂ, ಅಗ್ನಿಶಾಮಕ ವಾಹನವು ನುಗ್ಗಲು ದಾರಿಯನ್ನು ತೆರವು ಮಾಡಿಸುವುದೂ, ಪಂಪುಸೆಟ್ಟುಳ್ಳ ಬಾವಿಗಳನ್ನು ಗುರುತಿಸಿಡುವುದೂ ಒಳ್ಳೆಯದು.

ಬೆಂಕಿ ಬಿದ್ದಾಗ

ಮೊದಲು ಜನ, ಆಮೇಲೆ ದನ, ಕಡೆಗೆ ಸಾಮಾನು. ಈ ಕ್ರಮವು ತಪ್ಪಬಾರದು. ಪೆಟ್ಟಿಗೆಯನ್ನು ತರಲು ಉರಿಯುವ ಮನೆಯೊಳಕ್ಕೆ ಮರಳಿ ಹೋಗಬಾರದು. ಹೊಗೆಯು ಮೇಲೆ ದಟ್ಟವಾಗಿರುವುದರಿಂದ ಬಾಗಿ ಅಥವಾ ತೆವಳಿ ಹೊರಬರಬೇಕು. ಬಿಡಿಸಿದ ದನಗಳನ್ನು ದೂರದಲ್ಲಿ ಕಟ್ಟಬೇಕು. ಹೆದರಿದ ದನಗಳು ಪರಿಚಿತವಾದ ಕೊಟ್ಟಿಗೆಗೇ ಹಿಂದಿರುಗುವುದುಂಟು. ತಡಮಾಡದೆ 101 ಅಥವಾ 112 ಸಂಖ್ಯೆಗೆ ಕರೆಮಾಡಿ ಊರಿನ ಹೆಸರನ್ನೂ ಬರುವ ದಾರಿಯನ್ನೂ ಸ್ಪಷ್ಟವಾಗಿ ತಿಳಿಸಬೇಕು.

ವಿದ್ಯುತ್ತಿನಿಂದ ಹತ್ತಿದ ಬೆಂಕಿಗೆ ಮೇನ್ ಸ್ವಿಚ್ಚನ್ನು ಆರಿಸದೆ ನೀರು ಹಾಕಬಾರದು. ಕಾದ ಎಣ್ಣೆಯು ಹೊತ್ತಿಕೊಂಡರೆ ನೀರು ಹೊಯ್ಯದೆ ಬಾಣಲೆಗೆ ಮುಚ್ಚಳ ಮುಚ್ಚಬೇಕು. ಅನಿಲದ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ, ಬಾಗಿಲು ಕಿಟಕಿಗಳನ್ನು ತೆರೆದು ಹೊರಬಂದು 1906 ಸಂಖ್ಯೆಗೆ ತಿಳಿಸತಕ್ಕದ್ದು. ಹುಲ್ಲಿನ ಬಣವೆಗಳ ಸಾಲಿನಲ್ಲಿ ಒಂದು ಹತ್ತಿದರೆ, ಅದನ್ನು ಉಳಿಸಲು ಹೆಣಗುವುದಕ್ಕಿಂತ ಗಾಳಿ ಬೀಸುವ ದಿಕ್ಕಿನ ಬಣವೆಗಳನ್ನೂ ಮಾಡುಗಳನ್ನೂ ನೆನೆಸುವುದು ಲಾಭಕರ.

ಮೈಮೇಲಿನ ಬಟ್ಟೆಗೆ ಬೆಂಕಿ ತಗುಲಿದವರು ಓಡಬಾರದು. ನೆಲದ ಮೇಲೆ ಉರುಳಬೇಕು, ಇಲ್ಲವೆ ಇತರರು ದಪ್ಪ ಕಂಬಳಿಯನ್ನು ಹೊದಿಸಬೇಕು. ಸುಟ್ಟ ಭಾಗದ ಮೇಲೆ 20 ನಿಮಿಷಗಳ ಕಾಲ ತಣ್ಣೀರನ್ನು ಹರಿಸಿ, ಶುಚಿಯಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಒಯ್ಯಬೇಕು. ಬೆಣ್ಣೆ, ಮಸಿ, ಹಲ್ಲಿನ ಪೇಸ್ಟುಗಳನ್ನು ಬಳಿಯುವುದರಿಂದ ಕೇಡೇ ಹೆಚ್ಚು.

ನೊಂದ ಕುಟುಂಬಕ್ಕೆ ನೆರವು

ಬೆಂಕಿ ಆರಿದ ಮಾರನೆಯ ದಿನದಿಂದ ಗ್ರಾಮದ ನಿಜವಾದ ಕರ್ತವ್ಯವು ಆರಂಭವಾಗುತ್ತದೆ. ಗ್ರಾಮ ಆಡಳಿತ ಅಧಿಕಾರಿಗೆ ಕೂಡಲೇ ವರ್ತಮಾನ ಕೊಟ್ಟು, ಬೂದಿಯನ್ನು ಗುಡಿಸುವುದಕ್ಕೆ ಮೊದಲೇ ಮಹಜರು ಬರೆಯಿಸಿ ಚಿತ್ರ ತೆಗೆಯಿಸಬೇಕು. ದನವು ಸತ್ತಿದ್ದರೆ ಪಶುವೈದ್ಯರ ಪ್ರಮಾಣಪತ್ರವನ್ನು ಪಡೆಯಬೇಕು. 2022ರಿಂದ 2026ರವರೆಗಿನ ಅವಧಿಗೆ ಗೊತ್ತುಪಡಿಸಿದ ವಿಪತ್ತು ಪರಿಹಾರದ ಪ್ರಮಾಣಗಳಲ್ಲಿ ಬೆಂಕಿಯೂ ಸೇರಿದ್ದು, ಅವುಗಳಂತೆ ಮೃತನ ಕುಟುಂಬಕ್ಕೆ 4,00,000 ರೂಪಾಯಿ, ಹಾಲು ಕೊಡುವ ಹಸು ಅಥವಾ ಎಮ್ಮೆಗೆ 37,500, ಉಳುವ ಎತ್ತಿಗೆ 32,000, ನಾಶವಾದ ಗುಡಿಸಲಿಗೆ 8,000 ರೂಪಾಯಿಗಳೆಂದು ನಿಗದಿಯಾಗಿದೆ. ಸುಟ್ಟುಹೋದ ಪಹಣಿ, ಪಡಿತರ ಚೀಟಿ ಮುಂತಾದುವುಗಳ ನಕಲುಗಳನ್ನು ಪಡೆಯಲು ಓದುಬರಹ ಬಲ್ಲ ಒಬ್ಬನನ್ನು ಜೊತೆಗೆ ಕಳುಹಿಸುವುದೂ ದೊಡ್ಡ ಉಪಕಾರವೇ.

ಆದರೆ ಕಾಗದಗಳು ಚಲಿಸಲು ದಿನಗಳು ಬೇಕು. ಹಸಿದ ಎತ್ತು ಕಾಯಲಾರದು. ಮೇವಿಲ್ಲದ ರೈತನು ಸಿಕ್ಕಿದ ಬೆಲೆಗೆ ಎತ್ತುಗಳನ್ನು ಮಾರಿದನೆಂದರೆ ಮುಂಗಾರಿನಲ್ಲಿ ಅವನ ಹೊಲವು ಬೀಳು ಬೀಳುತ್ತದೆ. ಒಂದು ಎತ್ತಿಗೆ ದಿನಕ್ಕೆ 6 ಕಿಲೋ ಒಣಮೇವೆಂದು ಎಣಿಸಿದರೆ, ಒಂದು ಜೊತೆಗೆ 60 ದಿನಗಳಿಗೆ 720 ಕಿಲೋ ಸಾಕು. 60 ಮನೆಗಳ ಊರಿನಲ್ಲಿ ಮನೆಗೆ 12 ಕಿಲೋ, ಎಂದರೆ ಒಂದು ಸಣ್ಣ ಹೊರೆ ಹುಲ್ಲು, ಕೊಟ್ಟರೆ ಅಷ್ಟಾಯಿತು. ಕೊಟ್ಟವನಿಗೆ ಅದು ಕೊರತೆಯೆನಿಸದು, ಪಡೆದವನ ಬೇಸಾಯವು ಉಳಿಯುತ್ತದೆ. ಬಿತ್ತನೆಯ ರಾಗಿಯನ್ನೂ ಹೀಗೆಯೇ ಕೂಡಿಸಬಹುದು. ಮಾಡು ಕಟ್ಟಲು ಮುಯ್ಯಾಳಿನ ಪದ್ಧತಿಯು ಹಳ್ಳಿಗಳಿಗೆ ಹೊಸದಲ್ಲ. ಮನೆಗೊಬ್ಬ ಆಳು ಒಂದು ದಿನ ದುಡಿದರೆ ಮಳೆಗೆ ಮುಂಚೆ ಗೋಡೆ ಏಳುತ್ತದೆ. ಸಂಗ್ರಹಿಸಿದ ಹಣ, ಕಾಳುಗಳ ಲೆಕ್ಕವನ್ನು ಬರೆದು ಎಲ್ಲರೆದುರಿಗೆ ಓದಿ ಹೇಳತಕ್ಕದ್ದು. ನೆರವು ಪಡೆಯುವವನಿಗೆ ಕೈಯೊಡ್ಡಿದ ಭಾವನೆ ಬಾರದಂತೆ, ಅವನು ಕೇಳುವ ಮೊದಲೇ ಕೊಡುವುದು ಮರ್ಯಾದೆ.

ಬೆಂಕಿಗೆ ಬಡವನ ಗುಡಿಸಲು, ಧನಿಕನ ತೊಟ್ಟಿಮನೆ ಎಂಬ ಭೇದವಿಲ್ಲ. ಇಂದು ನೆರೆಯವನ ಕೊಟ್ಟಿಗೆಗೆ ಹೊತ್ತುಕೊಟ್ಟ ಹೊರೆಯು ನಾಳೆ ತನ್ನ ಮನೆಗೆ ಬರತಕ್ಕ ಮುಯ್ಯಿಯೆಂದು ಪ್ರತಿಯೊಬ್ಬ ಜಮೀನುದಾರನೂ ತಿಳಿದು ನಡೆದರೆ, ಬೆಂಕಿ ಬಿದ್ದ ಊರಿನಲ್ಲಿಯೂ ಯಾವ ಹೊಲವೂ ಬಿತ್ತನೆ ಕಾಣದೆ ಉಳಿಯಲಾರದು.