ಪರಮಗೀತೆ: ಪ್ರಣಯದ ಬಯಕೆ ಮತ್ತು ದೈವಪ್ರೇಮದ ಪರಿಭಾಷೆ

ಕ್ರೈಸ್ತ ಚಿಂತನೆಯಲ್ಲಿ ದೇಹದ ಬಯಕೆಗೆ ಪಾಪದ ಸ್ಥಾನ ಮಾತ್ರ ಇದೆಯೆಂಬ ಗ್ರಹಿಕೆ ಸಾಮಾನ್ಯವಾದುದು. ಹೀಬ್ರೂ ಬೈಬಲ್ಲಿನ ಪರಮಗೀತೆ ಈ ಗ್ರಹಿಕೆಗೆ ತೊಡಕನ್ನೊಡ್ಡುತ್ತದೆ. 8 ಅಧ್ಯಾಯಗಳ ಈ ಕಿರುಕೃತಿಯ ವಸ್ತು ಹೆಣ್ಣುಗಂಡುಗಳ ಪರಸ್ಪರ ಹಂಬಲ. ಅದರಲ್ಲಿ ದೇವರ ಹೆಸರು ಸ್ಪಷ್ಟವಾಗಿ ಎಲ್ಲಿಯೂ ಬರುವುದಿಲ್ಲ. ಕೊನೆಯ ಅಧ್ಯಾಯದ ಒಂದು ಪದದ ಅಂತ್ಯದಲ್ಲಿ ಅದರ ಸುಳಿವಿದೆಯೆ ಎಂಬುದು ವಿವಾದದ ವಿಷಯ. ಇಂತಹ ಕೃತಿ ಧರ್ಮಗ್ರಂಥವಾದುದು ಹೇಗೆ, ಅದು ಭಕ್ತಿಗೆ ಯಾವ ಭಾಷೆಯನ್ನು ಒದಗಿಸಿತು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕೃತಿಯ ಪಾವಿತ್ರ್ಯವನ್ನು ಕುರಿತ ಚರ್ಚೆ ಯೆಹೂದಿ ಪರಂಪರೆಯಲ್ಲಿಯೇ ನಡೆದಿತ್ತು. ಗುರು ಅಕೀವ ಅದನ್ನು ಪವಿತ್ರ ಬರಹಗಳಲ್ಲೆಲ್ಲ ಪರಮ ಪವಿತ್ರವೆಂದು ಸಮರ್ಥಿಸಿದುದು ಮಿಶ್ನಾದಲ್ಲಿ ದಾಖಲಾಗಿದೆ. ಕ್ರೈಸ್ತರಲ್ಲಿ ಮೂರನೆಯ ಶತಮಾನದ ಓರಿಜನ್ ಗ್ರೀಕಿನಲ್ಲಿ ವಿಸ್ತಾರವಾದ ವ್ಯಾಖ್ಯಾನ ಬರೆದನು. ವಧುವೆಂದರೆ ಒಮ್ಮೆ ಸಭೆ, ಮತ್ತೊಮ್ಮೆ ಜೀವಾತ್ಮ, ವರನು ಕ್ರಿಸ್ತ. ಇದು ಬಯಕೆಯನ್ನು ಮರೆಮಾಡುವ ತಂತ್ರವೆಂದು ತೋರಬಹುದು. ಆದರೆ ಆತ ತನ್ನ ಪೀಠಿಕೆಯಲ್ಲಿ, ‘ಎರೋಸ್’ ಎಂಬ ಬಯಕೆಯ ಪದವನ್ನೂ ದೇವರಿಗೆ ಅನ್ವಯಿಸಿದರೆ ದೋಷವಿಲ್ಲವೆಂದು ವಾದಿಸುತ್ತಾನೆ. ಬಯಕೆಯನ್ನು ಅಳಿಸದೆ ಅದರ ಗುರಿಯನ್ನು ಬದಲಿಸುವುದೇ ಈ ಓದಿನ ಕ್ರಮ.

ಹನ್ನೆರಡನೆಯ ಶತಮಾನದ ಫ್ರಾನ್ಸಿನಲ್ಲಿ ಬರ್ನಾರ್ಡ್ 1135ರ ಸುಮಾರಿಗೆ ಪರಮಗೀತೆಯ ಮೇಲೆ ಉಪದೇಶಗಳನ್ನು ಆರಂಭಿಸಿದನು. 1153ರಲ್ಲಿ ಆತ ತೀರಿಕೊಂಡಾಗ 86 ಉಪದೇಶಗಳಾಗಿದ್ದವು. ವ್ಯಾಖ್ಯಾನ ಮಾತ್ರ ಮೂರನೆಯ ಅಧ್ಯಾಯದ ಆರಂಭವನ್ನಷ್ಟೇ ತಲುಪಿತ್ತು. ಮೊದಲ ಉಪದೇಶಗಳು ಒಂದೇ ಚುಂಬನದ ಸುತ್ತ ಸಾಗುತ್ತವೆ. ಸಿಸ್ಟರ್ಸಿಯನ್ ಮಠಗಳಿಗೆ ಬಾಲ್ಯದಲ್ಲಿ ಒಪ್ಪಿಸಲ್ಪಟ್ಟವರಲ್ಲ, ಲೋಕವನ್ನು ಕಂಡ ವಯಸ್ಕರು ಸೇರುತ್ತಿದ್ದರು. ಅವರ ಪ್ರೇಮಾನುಭವವನ್ನು ಹತ್ತಿಕ್ಕದೆ ಅದಕ್ಕೆ ಹೊಸ ದಿಕ್ಕು ತೋರುವ ಅಗತ್ಯವಿತ್ತೆಂದು ವಿದ್ವಾಂಸ ಜಾನ್ ಲೆಕ್ಲೆರ್ಕ್ ವಿವೇಚಿಸಿದ್ದಾರೆ.

ಈ ಭಾಷೆ ಅಪಾಯದಿಂದ ಮುಕ್ತವಾಗಿರಲಿಲ್ಲ. ಸ್ಪೇನಿನ ಲೂಯಿಸ್ ದೆ ಲಿಯೋನ್ 1572ರಿಂದ 1576ರವರೆಗೆ ಧರ್ಮವಿಚಾರಣಾ ಮಂಡಳಿಯ ಸೆರೆಯಲ್ಲಿದ್ದನು. ಪರಮಗೀತೆಯನ್ನು ಜನಭಾಷೆಗೆ ತಂದುದು ಅವನ ಮೇಲಿನ ಆರೋಪಗಳಲ್ಲೊಂದು. ಕೆಲವೇ ವರ್ಷಗಳಲ್ಲಿ ಶಿಲುಬೆಯ ಯೋಹಾನ ತನ್ನದೇ ಸನ್ಯಾಸಿ ಸಂಘದವರಿಂದ ತೊಲೆದೊದಲ್ಲಿ ಬಂಧಿತನಾಗಿ, 1578ರಲ್ಲಿ ಪಾರಾಗುವ ಮುನ್ನ ಆ ಗೀತೆಯ ಧಾಟಿಯ ಪದ್ಯಗಳ ಬಹುಭಾಗವನ್ನು ರಚಿಸಿದನು.

ಇಪ್ಪತ್ತನೆಯ ಶತಮಾನದಲ್ಲಿ ಸ್ವೀಡನ್ನಿನ ಆಂಡರ್ಸ್ ನೀಗ್ರೆನ್ ಪಡೆಯಬಯಸುವ ಎರೋಸ್, ತನ್ನನ್ನೇ ಕೊಡುವ ಅಗಾಪೆ ಇವೆರಡೂ ಪರಸ್ಪರ ವಿರುದ್ಧವೆಂದನು. ಭಾಷಿಕ ಸಾಕ್ಷ್ಯ ಈ ವಿಭಜನೆಗೆ ಪೂರ್ಣವಾಗಿ ಒದಗುವುದಿಲ್ಲ. ಕ್ರಿಸ್ತಪೂರ್ವದಲ್ಲಿ ಆರಂಭವಾದ ಸೆಪ್ಟುವಜಿಂಟ್ ಎಂಬ ಗ್ರೀಕ್ ಅನುವಾದ ಪರಂಪರೆಯು ಪರಮಗೀತೆಯ ಪ್ರಣಯಿಗಳ ಬಯಕೆಗೆ ಬಳಸಿದುದು ‘ಅಗಾಪೆ’ ಎಂಬ ಪದವನ್ನೇ. ಹೊಸ ಒಡಂಬಡಿಕೆ ದೇವರ ಸ್ವರೂಪವನ್ನು ಹೇಳುವುದೂ ಅದೇ ಪದದಿಂದ. ಹದಿನಾರನೆಯ ಬೆನೆಡಿಕ್ಟ್ ಅವರ 2005ರ ವಿಶ್ವಪತ್ರವೂ ಎರಡನ್ನೂ ಪೂರ್ಣವಾಗಿ ಬೇರ್ಪಡಿಸಲಾಗದೆಂಬ ನಿಲುವನ್ನೇ ತಾಳಿದೆ.

ಕನ್ನಡದ ಅಧ್ಯಯನಕಾರರಿಗೆ ಇಲ್ಲಿ ‘ಶರಣಸತಿ ಲಿಂಗಪತಿ’ ಭಾವ ನೆನಪಾಗುವುದು ಸಹಜ. ಆದರೆ ಸಾಮ್ಯದ ಜೊತೆಗೆ ಭೇದವನ್ನೂ ಗುರುತಿಸಬೇಕು. ಅಕ್ಕಮಹಾದೇವಿಯ ವಚನದಲ್ಲಿ ಚೆನ್ನಮಲ್ಲಿಕಾರ್ಜುನನೆಂಬ ಅಂಕಿತವೇ ಪ್ರಿಯನನ್ನು ಹೆಸರಿಸುತ್ತದೆ; ಲೋಕದ ಗಂಡಂದಿರ ನಿರಾಕರಣೆ ಅಲ್ಲಿ ಸ್ಪಷ್ಟ. ಪರಮಗೀತೆಯಲ್ಲಿ ಲೌಕಿಕ ಪ್ರಣಯ ನಿರಾಕೃತವಾಗಿಲ್ಲ; ಪ್ರಿಯನನ್ನು ದೇವರೆಂದು ಗುರುತಿಸಿದುದು ಓದುವ ಸಮುದಾಯ. ಒಂದೆಡೆ ಅನುಭಾವವು ಪ್ರಣಯದ ಭಾಷೆಯನ್ನು ಆರಿಸಿಕೊಂಡರೆ, ಇನ್ನೊಂದೆಡೆ ಪ್ರಣಯದ ಪಠ್ಯ ಅನುಭಾವಕ್ಕೆ ತೆರೆದುಕೊಂಡಿದೆ.

ಆದುದರಿಂದ ಅಕ್ಷರಾರ್ಥವನ್ನು ಕೇವಲ ಹೊದಿಕೆಯೆಂದು ಕಳಚಿಹಾಕುವ ಓದು ಅಪೂರ್ಣವಾದುದು. ಕಾಯುವುದು, ಕಳೆದುಕೊಳ್ಳುವುದು, ಇರುಳಿನಲ್ಲಿ ಹುಡುಕುವುದು ಎಂಬ ಅನುಭವಗಳು ಮನುಷ್ಯರವಾಗಿ ನಿಜವಾಗಿರುವುದರಿಂದಲೇ ಅವು ದೇವರ ಕುರಿತ ಮಾತಿಗೂ ಅರ್ಥ ತುಂಬುತ್ತವೆ.