ಬೈಪೋಲಾರ್ ಕಾಯಿಲೆ: ಯಾವ ತಜ್ಞರ ಬಳಿ ಹೋಗಬೇಕು?

ಒಬ್ಬ ವಿದ್ಯಾರ್ಥಿ ವಾರಗಟ್ಟಲೆ ಮಂಕಾಗಿ ಕೂರುತ್ತಾನೆ. ಓದು, ಊಟ ಯಾವುದೂ ಬೇಡ. ಕೆಲವು ತಿಂಗಳ ನಂತರ ಅದೇ ಹುಡುಗ ರಾತ್ರಿ ಎರಡು ಗಂಟೆ ಮಲಗಿದರೂ ದಣಿಯುವುದಿಲ್ಲ, ಮಾತು ನಿಲ್ಲಿಸುವುದಿಲ್ಲ, ಕೈಯಲ್ಲಿದ್ದ ಹಣವೆಲ್ಲ ಖರ್ಚು ಮಾಡುತ್ತಾನೆ. ಮನೆಯವರು ಮೊದಲನೆಯದನ್ನು ಸೋಮಾರಿತನ, ಎರಡನೆಯದನ್ನು ಕೊಬ್ಬು ಎನ್ನುತ್ತಾರೆ. ಇವೆರಡೂ ಒಂದೇ ಕಾಯಿಲೆಯ ಎರಡು ಮುಖಗಳಿರಬಹುದು. ಅದೇ ಬೈಪೋಲಾರ್, ಅಂದರೆ ದ್ವಿಧ್ರುವಿ ಮನೋವ್ಯಾಧಿ. ಇದು ಹೆಚ್ಚಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಪಿಯು ವಿದ್ಯಾರ್ಥಿಗಳು ಇದನ್ನು ತಿಳಿದಿರಬೇಕು.

ಯಾರ ಕೆಲಸ ಏನು?

1. ಮನೋವೈದ್ಯರು: ಎಂ.ಬಿ.ಬಿ.ಎಸ್. ನಂತರ ಮನೋವೈದ್ಯಶಾಸ್ತ್ರ ಓದಿದವರು. ರೋಗ ಗುರುತಿಸಿ ಔಷಧಿ ಬರೆಯುತ್ತಾರೆ. ಮೊದಲ ಭೇಟಿ ಇವರಲ್ಲೇ ಆಗಬೇಕು.

2. ಕ್ಲಿನಿಕಲ್ ಸೈಕಾಲಜಿಸ್ಟ್: ಮಾತಿನ ಮೂಲಕ ಚಿಕಿತ್ಸೆ ನೀಡುತ್ತಾರೆ, ಔಷಧಿ ಬರೆಯುವುದಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಇವರ ನೋಂದಣಿ ಇದೆಯೇ ಎಂದು ಕೇಳಿ.

3. ಮನೋಸಾಮಾಜಿಕ ಕಾರ್ಯಕರ್ತರು: ಕುಟುಂಬಕ್ಕೆ ತಿಳಿವಳಿಕೆ ಕೊಟ್ಟು, ಮರಳಿ ಓದಿಗೆ ಬರಲು ನೆರವಾಗುತ್ತಾರೆ.

4. ಆಪ್ತಸಮಾಲೋಚಕರು: ಪರೀಕ್ಷೆಯ ಭಯ, ಮನೆಯ ಜಗಳಗಳಿಗೆ ಉಪಯುಕ್ತ. ಬೈಪೋಲಾರ್‌ಗೆ ಇವರೊಬ್ಬರೇ ಸಾಲದು.

ಈ ಕ್ರಮಕ್ಕೆ ಕಾರಣವಿದೆ. ಖಿನ್ನತೆಯನ್ನಷ್ಟೇ ಹೇಳಿ ಅತಿ ಉತ್ಸಾಹದ ದಿನಗಳನ್ನು ಮುಚ್ಚಿಟ್ಟರೆ, ಖಿನ್ನತೆಯ ಮಾತ್ರೆಯೊಂದೇ ಸಿಗಬಹುದು. ಕೆಲವರಲ್ಲಿ ಅದು ಉನ್ಮಾದವನ್ನು ಕೆರಳಿಸುತ್ತದೆ. ಆದ್ದರಿಂದ ಎರಡೂ ಬಗೆಯ ದಿನಗಳನ್ನು ನೋಡಿದ ಮನೆಯವರೊಬ್ಬರು ಜೊತೆಗಿರಲಿ.

ತಜ್ಞರನ್ನು ಏನು ಕೇಳಬೇಕು?

• ಬೈಪೋಲಾರ್ ಇರುವವರಿಗೆ ಚಿಕಿತ್ಸೆ ಕೊಟ್ಟ ಅನುಭವ ಇದೆಯೇ?
• ಔಷಧಿ ಕೊಡುವ ವೈದ್ಯರೊಂದಿಗೆ ನೀವು ಮಾತಾಡುತ್ತೀರಾ?
• ನಿದ್ರೆ, ದಿನಚರಿ ಕಾಪಾಡಲು ಏನು ಕಲಿಸುತ್ತೀರಿ?
• ಕಾಯಿಲೆ ಮರುಕಳಿಸುವ ಮುನ್ಸೂಚನೆಗಳೇನು?

‘ಮಾತ್ರೆ ಬಿಟ್ಟುಬಿಡಿ, ನಾನು ಗುಣಪಡಿಸುತ್ತೇನೆ’ ಎನ್ನುವವರು ಯಾರೇ ಆಗಲಿ, ಅವರಿಂದ ದೂರವಿರಿ. ಪ್ರಾರ್ಥನೆ ಮನಸ್ಸಿಗೆ ಬಲ ಕೊಡುತ್ತದೆ. ಅದರ ಜೊತೆಗೆ ಔಷಧಿಯೂ ಮುಂದುವರಿಯಲಿ.

ರಂಜಾನ್ ತಿಂಗಳಲ್ಲಿ

ಲಿಥಿಯಂ ಸೇವಿಸುವವರಲ್ಲಿ ನೀರಿನಂಶ ಕಡಿಮೆಯಾದರೆ ರಕ್ತದಲ್ಲಿ ಅದರ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು. ಸಹರಿಗಾಗಿ ನಿದ್ರೆ ಕೆಟ್ಟರೂ ಕಾಯಿಲೆ ಮರುಕಳಿಸಬಹುದು. ಉಪವಾಸಕ್ಕೆ ಕೆಲವು ವಾರ ಮೊದಲೇ ವೈದ್ಯರನ್ನು ಕಾಣಿರಿ. ಕಾಯಿಲೆ ಇದ್ದವರಿಗೆ ಇಸ್ಲಾಂನಲ್ಲಿ ರಿಯಾಯಿತಿ ಇದೆ.

ಎಲ್ಲಿ ಹೋಗಬೇಕು?

ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಸುವ ವ್ಯವಸ್ಥೆ ಇದೆ. ಹೊರಡುವ ಮುನ್ನ ದಿನ ವಿಚಾರಿಸಿಕೊಳ್ಳಿ. ಜಗಳೂರು, ಚನ್ನಗಿರಿಯವರಿಗೆ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆ, ಹೊನ್ನಾಳಿ, ನ್ಯಾಮತಿಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೂ ಇವೆ. ಟೆಲಿ ಮನಸ್ ಉಚಿತ ಸಹಾಯವಾಣಿ 14416 ಹಗಲೂ ರಾತ್ರಿ ಕನ್ನಡದಲ್ಲಿ ಲಭ್ಯ. ಬದುಕೇ ಬೇಡ ಎಂಬ ಯೋಚನೆ ಬಂದರೆ ಕ್ಲಿನಿಕ್ ದಿನಕ್ಕೆ ಕಾಯದೆ ಕೂಡಲೇ ಕರೆ ಮಾಡಿ, ಹತ್ತಿರದವರಿಗೆ ಹೇಳಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಸರ್ಕಾರಿ ಚಿಕಿತ್ಸೆ ಪಡೆಯುವುದು, ಕಾಯಿಲೆಯ ವಿವರ ಗುಟ್ಟಾಗಿರುವುದು ರೋಗಿಯ ಹಕ್ಕು. ಗೆಳೆಯನೊಬ್ಬ ನಿಮ್ಮಲ್ಲಿ ಹೇಳಿಕೊಂಡರೆ ‘ಹುಚ್ಚು’ ಎನ್ನಬೇಡಿ. ಜೊತೆಗೆ ಆಸ್ಪತ್ರೆಯವರೆಗೆ ನಡೆಯಿರಿ.